ತಾತನಿಗೆ ಕಿವುಡೋ, ನಾಟಕವೋ?

"ತಾತ, ಟೀವಿ ಸದ್ದು ಕಮ್ಮಿ ಮಾಡಿದ್ರೆ ಕೇಳಿಸೊಲ್ಲ ಅಂತೀರಿ. ಜೋರಾಗಿ ಮಾತಾಡಿದ್ರೆ ಯಾಕೆ ಕಿರುಚ್ತೀಯ ಅಂತ ಬೈತೀರಿ. ನಿಮಗೆ ನಿಜವಾಗ್ಲೂ ಕಿವುಡಾ, ನಾಟಕನಾ?" ಕಳೆದ ವಾರ ಮೊಮ್ಮಗಳು ಎಲ್ಲರೆದುರು ಕೇಳಿಬಿಟ್ಟಳು. ಮಕ್ಕಳೇ, ನಿಮ್ಮ ಮನೆಯ ಅಜ್ಜ-ಅಜ್ಜಿಯ ಮೇಲೂ ಈ ಆಪಾದನೆ ಇದ್ದರೆ ಸ್ವಲ್ಪ ತಾಳಿ. ತಪ್ಪು ನಮ್ಮದಲ್ಲ, ಕಿವಿಯ ಲೆಕ್ಕಾಚಾರದ್ದು.

ಬ್ಯಾಂಕಿನ ಗುಮಾಸ್ತನಾಗಿದ್ದವನು ನಾನು, ಬಡ್ಡಿಯಿಂದಲೇ ಶುರು ಮಾಡುತ್ತೇನೆ. ಅಸಲು ಎರಡು ಪಟ್ಟಾದರೆ ಬಡ್ಡಿಯೂ ಎರಡು ಪಟ್ಟು. ಗೆರೆ ಎಳೆದಷ್ಟು ನೇರ. ಕಿವಿ ಹಾಗಲ್ಲ. ಅದು ಬಡವರಿಗೆ ಧಾರಾಳವಾಗಿ ಬಡ್ಡಿ ಕೊಟ್ಟು, ಸಾಹುಕಾರರ ಮುಂದೆ ಕೈ ಬಿಗಿ ಹಿಡಿಯುವ ವಿಚಿತ್ರ ಬ್ಯಾಂಕು! ಪಿಸುಮಾತನ್ನು ಬಹಳ ಹಿಗ್ಗಿಸುತ್ತದೆ, ಜೋರು ಸದ್ದನ್ನು ಹೆಚ್ಚುಕಡಿಮೆ ಇದ್ದ ಹಾಗೇ ಬಿಡುತ್ತದೆ. ಸದ್ದಿನ ಒತ್ತಡ ಸಾವಿರ ಪಟ್ಟು ಏರಿದರೂ ಒಳಗಿವಿಯ ಪೊರೆಯ ಅಲುಗಾಟ ಸುಮಾರು ಹತ್ತು ಪಟ್ಟು ಏರಬಹುದು, ಅಷ್ಟೇ. ಇಂಥ ನಡವಳಿಕೆಯನ್ನು ವಿಜ್ಞಾನಿಗಳು 'ಅರೇಖೀಯ' ಎನ್ನುತ್ತಾರೆ. ನಮಗೆ ಕೇಳಿಸುವ ಅತಿ ಸಣ್ಣ ಸದ್ದಿಗೂ ಕಿವಿ ನೋಯಿಸುವ ಸದ್ದಿಗೂ ಒತ್ತಡದಲ್ಲಿ ಹತ್ತು ಲಕ್ಷ ಪಟ್ಟು ಅಂತರವಿದೆ. ಎರಡನ್ನೂ ಒಂದೇ ಕಿವಿ ನಿಭಾಯಿಸಬೇಡವೇ?

ಸಣ್ಣ ಸದ್ದನ್ನು ಹಿಗ್ಗಿಸುವವರು ಯಾರು? ಒಳಗಿವಿಯ ರೋಮಕೋಶಗಳು. ಅವುಗಳಲ್ಲಿ ಹೊರಸಾಲಿನವು ಸದ್ದು ಬಂದಾಗ ಕುಗ್ಗಿ ಹಿಗ್ಗಿ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳುವಂತೆ ತಳ್ಳುತ್ತವೆ. 1948ರಲ್ಲಿ ಥಾಮಸ್ ಗೋಲ್ಡ್ ಎಂಬಾತ, ಕಿವಿಯೊಳಗೆ ರೇಡಿಯೋದಲ್ಲಿರುವಂಥ ವರ್ಧಕವಿರಬೇಕು ಎಂದ. ಹಾಗಿದ್ದರೆ, ಸಭೆಯಲ್ಲಿ ಮೈಕು 'ಕುಂಯ್' ಎನ್ನುವಂತೆ ಕಿವಿಯೂ ಒಮ್ಮೊಮ್ಮೆ ತಾನೇ ಸದ್ದು ಮಾಡಬೇಕಲ್ಲ! ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಕಿವಿಯ ಸಂಶೋಧನೆಗೆ 1961ರಲ್ಲಿ ನೊಬೆಲ್ ಪಡೆದ ಬೆಕೆಶಿ ಹೆಚ್ಚಾಗಿ ಪರೀಕ್ಷಿಸಿದ್ದು ಸತ್ತವರ ಕಿವಿಗಳನ್ನು. ಸತ್ತ ಕಿವಿಯಲ್ಲಿ ಈ ತಳ್ಳುವ ಕೆಲಸ ನಿಂತುಹೋಗಿರುತ್ತದೆ. ಪಾಪ, ಗೋಲ್ಡ್ ಖಗೋಳ ವಿಜ್ಞಾನದ ಕಡೆ ಹೊರಳಿಕೊಂಡ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಪುಟ್ಟ ಮೈಕನ್ನು ಕಿವಿಯೊಳಗಿಟ್ಟು ಆ ಸದ್ದನ್ನು ಹಿಡಿದೇಬಿಟ್ಟರು.

ನನ್ನ ಕಿರಿ ಮೊಮ್ಮಗ ಹುಟ್ಟಿದಾಗ ಆಸ್ಪತ್ರೆಯಲ್ಲಿ ಅವನ ಕಿವಿಗೆ ಬಿರಡೆಯಂಥದ್ದನ್ನು ಇಟ್ಟರು. ಮಗು ಬೆಚ್ಚುತ್ತದೆಯೇ ಎಂದು ನೋಡುತ್ತಾರೇನೋ ಅಂದುಕೊಂಡೆ. ಅದು ನಿದ್ದೆಯಲ್ಲೇ ಇತ್ತು, ಪರೀಕ್ಷೆ ಮುಗಿಯಿತು! ಯಂತ್ರ ಕೇಳಿಸಿಕೊಂಡದ್ದು ಮಗುವಿನ ಕಿವಿ ಹಿಂದಕ್ಕೆ ಕಳಿಸಿದ ಸದ್ದನ್ನು.

ಸೊಳ್ಳೆಯ ಕಿವಿಯೂ ಇಂಥದ್ದೇ. ನಮ್ಮ ಕಿವಿಯ ಬಳಿ ಗುಂಯ್‌ಗುಡುತ್ತ ಕಚ್ಚಲು ಬರುವುದು ಹೆಣ್ಣು. ಆ ಗುಂಯ್ ಸದ್ದನ್ನು ಹುಡುಕಿಕೊಂಡು ಬರುವ ಗಂಡಿನ ಕಿವಿ ಅದರ ಮೀಸೆಯ ಬುಡದಲ್ಲಿದೆ. ಅಲ್ಲಿ ಸುಮಾರು 15 ಸಾವಿರ ಸಂವೇದನಾ ಕೋಶಗಳು; ನಮ್ಮ ಒಂದು ಕಿವಿಯ ರೋಮಕೋಶಗಳ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ! ಹೆಣ್ಣಿನ ರೆಕ್ಕೆ ಸೆಕೆಂಡಿಗೆ 400 ಸಲ, ಗಂಡಿನದು 600 ಸಲ ಬಡಿಯುತ್ತದೆ ಎಂದಿಟ್ಟುಕೊಳ್ಳಿ. ನೇರ ಲೆಕ್ಕದ ಕಿವಿಯಾಗಿದ್ದರೆ ಎರಡೂ ಬೇರೆ ಬೇರೆಯಾಗಿಯೇ ಉಳಿಯುತ್ತಿದ್ದವು. ಸೊಳ್ಳೆಯ ಕಿವಿಯಲ್ಲಿ ಅವು ಬೆರೆತು, ಹೊರಗೆಲ್ಲೂ ಇಲ್ಲದ 200ರ ಸ್ವರವೊಂದು ಹುಟ್ಟುತ್ತದೆ. ಗಂಡಿನ ನರಗಳು ಚೆನ್ನಾಗಿ ಹಿಡಿಯುವುದು ಈ ವ್ಯತ್ಯಾಸದ ಸ್ವರವನ್ನೇ. ಹಾಗಾಗಿ ತನ್ನದೇ ರೆಕ್ಕೆಯ ಗದ್ದಲ ಅದಕ್ಕೆ ಅಡ್ಡಿಯಲ್ಲ, ನೆರವು.

ಇನ್ನು ನನ್ನ ಕಥೆ. ವಯಸ್ಸಾದಂತೆ, ಗದ್ದಲ ಕೇಳಿದಂತೆ, ಮೊದಲು ಹಾಳಾಗುವುದು ಆ ತಳ್ಳುವ ಕೋಶಗಳೇ. ಆಗ ಪಿಸುಮಾತಿಗೆ ಸಿಗುತ್ತಿದ್ದ ಧಾರಾಳ ಬಡ್ಡಿ ನಿಂತುಹೋಗುತ್ತದೆ. ಜೋರು ಸದ್ದಿಗೆ ಆ ಬಡ್ಡಿ ಮೊದಲೂ ಬೇಕಿರಲಿಲ್ಲ. ಅದು ಮುಂಚಿನಷ್ಟೇ ಜೋರಾಗಿ ಬಂದು ಬಡಿಯುತ್ತದೆ. ಕೇಳಿಸದ್ದಕ್ಕೂ ತಡೆಯಲಾಗದ್ದಕ್ಕೂ ನಡುವೆ ನನಗೆ ಉಳಿದಿರುವ ಜಾಗ ಕಿರಿದು. ಎದುರಿಗೆ ಕೂತು ಸಾಧಾರಣ ದನಿಯಲ್ಲಿ ನಿಧಾನವಾಗಿ ಹೇಳಿದರೆ ಆ ಕಿರಿದಾದ ಜಾಗದಲ್ಲೇ ಮಾತು ಬಂದು ಕೂರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಮೊಮ್ಮಗಳು ಎದುರಿಗೆ ಬಂದು ಕೂತಳು. "ಸತ್ತ ಕೋಶ ಮತ್ತೆ ಬೆಳೆಯೊಲ್ವಾ ತಾತ?" ಎಂದು ನಿಧಾನವಾಗಿಯೇ ಕೇಳಿದಳು. ಮನುಷ್ಯರಿಗೆ ಇಲ್ಲ, ಕೋಳಿಗಳಿಗೆ ಬೆಳೆಯುತ್ತವೆ ಎಂದೆ.

"ಹಾಗಾದ್ರೆ ನಿಮಗಿಂತ ಕೋಳೀನೇ ವಾಸಿ!" ಎಂದಳು. ಅದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.