ಎಷ್ಟು ಪೇಪರ್ ಅಂತ ಕೇಳೋ ಮುಂಚೆ

ಕೊನೇ ಸೆಮಿಸ್ಟರ್ ಬಂತಂದ್ರ ನಮ್ಮ ಹಾಸ್ಟೆಲ್‌ನ್ಯಾಗ ಒಂದೇ ಮಾತು: "ಪೇಪರ್ ಹಾಕಿದಿ ಏನಪಾ?" ಪ್ರಾಜೆಕ್ಟ್ ಇನ್ನೂ ಬ್ರೆಡ್‌ಬೋರ್ಡ್ ಮೇಲೆ ಇರ್ತದ. ಸೆನ್ಸರ್ ರೀಡಿಂಗ್ ಎರಡು ಸಲ ಒಂದೇ ಥರ ಬಂದಿರೂದಿಲ್ಲ. ಆದರೂ ದುಡ್ಡು ಕಟ್ಟಿ, ಮೂರನೇ ದಿನಕ್ಕೆ ಸರ್ಟಿಫಿಕೇಟ್ ಇಳಿಸಿಕೊಂಡವರು ನಮ್ಮೊಳಗೇ ಇದ್ದೇವೆ. ಆಮೇಲೆ ಗೆಳೆಯರ ಪೇಪರ್‌ಗೆ ನಮ್ಮ ಸೈಟೇಶನ್, ನಮ್ಮ ಪೇಪರ್‌ಗೆ ಅವರ ಸೈಟೇಶನ್. ಮದುವೆ ಮುಯ್ಯಿ ಇದ್ದಂಗ!

ಸೈಟೇಶನ್ ಲೆಕ್ಕ ಮೂಲದಲ್ಲಿ ಕೆಟ್ಟದ್ದಲ್ಲ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರತಂದಾಗ ಇದ್ದ ಉದ್ದೇಶ, ಒಂದು ಪೇಪರ್‌ನಿಂದ ಅದಕ್ಕೆ ಸಂಬಂಧಪಟ್ಟ ಇನ್ನೊಂದು ಪೇಪರ್ ಹುಡುಕೋದು ಸುಲಭವಾಗಲಿ ಅಂತ. 2005ರಲ್ಲಿ ಭೌತವಿಜ್ಞಾನಿ ಹಿರ್ಶ್ ಎಚ್-ಇಂಡೆಕ್ಸ್ ಸೂಚಿಸಿದರು. ಒಬ್ಬರ ಎಚ್-ಇಂಡೆಕ್ಸ್ 10 ಅಂದರೆ, ಅವರ 10 ಪೇಪರ್‌ಗಳಿಗೆ ತಲಾ ಕನಿಷ್ಠ 10 ಸೈಟೇಶನ್ ಬಂದಿವೆ ಅಂತ ಅರ್ಥ. ದಾರಿ ತೋರಿಸೋ ಕಲ್ಲನ್ನೇ ನಾವು ಊರು ಅಂತ ತಿಳಿದುಕೊಂಡಿದ್ದೇವೆ, ಅಷ್ಟೇ ತಪ್ಪು.

ಹಾಗಾದ್ರೆ ನಿಜವಾದ ಪ್ರಭಾವ ಹೆಂಗಿರ್ತದ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದ ಬಂದ ನಾವು ದೂರ ಹುಡುಕಬೇಕಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಉತ್ತರ ಇದೆ.

2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಪೇಪರ್ ಬಂತು. ಲೇಖಕರು ಅಮೆರಿಕದ ಡಾ. ರಿಚರ್ಡ್ ಡರ್ಮನ್, ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಡಾ. ಕೊಡಕಣಿ, ಡಾ. ಗೌಡರ ಮತ್ತು ಸಂಗಡಿಗರು. ಪ್ರಶ್ನೆ ಸರಳ. ಹೆರಿಗೆಯಾದ ಮೇಲೆ ರಕ್ತಸ್ರಾವ ತಡೆಯೋ ಆಕ್ಸಿಟೋಸಿನ್ ಇಂಜೆಕ್ಷನ್‌ಗೆ ಫ್ರಿಜ್ ಬೇಕು, ಸೂಜಿ ಹಾಕೋರು ಬೇಕು. ಕರೆಂಟ್ ಇಲ್ಲದ ಹಳ್ಳಿಯಲ್ಲಿ ಮಿಸೊಪ್ರೊಸ್ಟಾಲ್ ಅನ್ನೋ ಗುಳಿಗೆ ಆ ಕೆಲಸ ಮಾಡೀತೇ?

ಜಿಲ್ಲೆಯ ಹಳ್ಳಿಗಳ 1620 ಹೆಣ್ಣುಮಕ್ಕಳು ಈ ಅಧ್ಯಯನದಲ್ಲಿದ್ದರು. ಹೆರಿಗೆ ಮಾಡಿಸಿದವರು ದೊಡ್ಡ ಡಾಕ್ಟರಲ್ಲ, ನಾವು ನರ್ಸಬಾಯಿ ಅಂತ ಕರೆಯೋ ಎಎನ್‌ಎಂಗಳು. ಅರ್ಧದಷ್ಟು ಜನರಿಗೆ 600 ಮೈಕ್ರೋಗ್ರಾಂ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಗುಳಿಗೆ. ಅತಿಯಾದ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಅಂದರೆ 18 ಜನರಿಗೆ ಗುಳಿಗೆ ಕೊಟ್ಟರೆ ಒಬ್ಬಳಿಗೆ ಆ ಗಂಡಾಂತರ ತಪ್ಪುತ್ತಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ನಮ್ಮ ಜಿಲ್ಲೆಯದೂ ಒಂದು.

ಎಂಜಿನಿಯರ್‌ಗಳಾದ ನಮ್ಮ ಕಣ್ಣು ಹೋಗಬೇಕಾದದ್ದು ಇನ್ನೊಂದು ಕಡೆ. ಎಷ್ಟು ರಕ್ತ ಹೋಯಿತು ಅಂತ ಅಳೆಯೋದು ಹೆಂಗ? ಮೊದಲು ಕಣ್ಣಂದಾಜು. ಈ ಅಧ್ಯಯನಕ್ಕಾಗಿಯೇ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಬಾಣಂತಿಯ ಕೆಳಗೆ ಹಾಸಿದರೆ ರಕ್ತ ಜಾರಿ ಚೀಲದಂಥ ಭಾಗಕ್ಕೆ ಬೀಳ್ತದ, ಚೀಲದ ಮೇಲೆ ಅಳತೆ ಗೆರೆ. ಇಷ್ಟೇ! ಹೋಲಿಸಿ ನೋಡಿದಾಗ ಕಣ್ಣಂದಾಜು ಮೂರರಲ್ಲಿ ಒಂದು ಪಾಲು ಕಡಿಮೆ ತೋರಿಸ್ತಿತ್ತು. ಇದೇ ತತ್ವದ ಹಾಳೆಯನ್ನೂ ತಕ್ಷಣದ ಚಿಕಿತ್ಸೆಯನ್ನೂ ಜೋಡಿಸಿ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿದರು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗೋ ಅನಾಹುತ ಶೇ. 60ರಷ್ಟು ಕಡಿಮೆಯಾಯಿತು ಅಂತ 2023ರಲ್ಲಿ ವರದಿ ಬಂತು.

ಲ್ಯಾನ್ಸೆಟ್ ಪೇಪರ್‌ಗೆ ನೂರಾರು ಸೈಟೇಶನ್ ಬಂದಿವೆ, ನಿಜ. ಆದರೆ ಅದೇ ಪತ್ರಿಕೆಯಲ್ಲಿ 1998ರಲ್ಲಿ ವೇಕ್‌ಫೀಲ್ಡ್ ಬರೆದ, ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ಪೇಪರ್‌ಗೂ ಸೈಟೇಶನ್ ರಾಶಿ ಬಿದ್ದವು. ಅದಕ್ಕೆ ಆಧಾರ 12 ಮಕ್ಕಳು ಮಾತ್ರ. 2010ರಲ್ಲಿ ಪತ್ರಿಕೆ ಅದನ್ನು ವಾಪಸ್ ತಗೊಂಡಿತು. ತಪ್ಪು ಅಂತ ಹೇಳಲು ಉಲ್ಲೇಖಿಸಿದರೂ ಲೆಕ್ಕದಲ್ಲಿ ಅದು ಒಂದು ಸೈಟೇಶನ್ನೇ. ಸಂಖ್ಯೆಗೆ ಒಳ್ಳೇದು-ಕೆಟ್ಟದ್ದು ಗೊತ್ತಾಗೂದಿಲ್ಲ, ಓದೋರಿಗೇ ಗೊತ್ತಾಗಬೇಕು.

"ಪ್ಲೇಸ್‌ಮೆಂಟ್‌ಗೆ, ಎಂ.ಟೆಕ್ ಸೀಟಿಗೆ ಪೇಪರ್ ಕೇಳ್ತಾರಲ್ರಿ" ಅಂತ ನೀವು ಅನ್ನಬಹುದು. ಕೇಳ್ತಾರೆ. ಆದರೆ ಸುಳ್ಳು ರೀಡಿಂಗ್ ಬರೆದು ರೂಢಿಯಾದ ಕೈ, ನಾಳೆ ವೆಂಟಿಲೇಟರ್‌ನ ಸೆನ್ಸರ್‌ಗೋ ಸೇತುವೆಯ ಪಿಲ್ಲರ್‌ಗೋ ಅದೇ ಅಭ್ಯಾಸ ಒಯ್ತದ. ಅಲ್ಲಿ ವೈವಾ ಇರೂದಿಲ್ಲ, ಜನರ ಜೀವ ಇರ್ತದ.

ಆದ್ದರಿಂದ ನಮ್ಮ ಕೋರಿಕೆ ಎರಡು. ಒಂದು, ಪ್ರಾಜೆಕ್ಟ್ ಮಾರ್ಕ್ಸ್ ಕೊಡುವಾಗ ಪೇಪರ್ ಸರ್ಟಿಫಿಕೇಟಿನ ಬದಲು ಅಸಲು ರೀಡಿಂಗ್ ಬರೆದ ನೋಟ್‌ಬುಕ್ ನೋಡಿ. ಫೇಲಾದ ಪ್ರಯೋಗವನ್ನೂ ಪ್ರಾಮಾಣಿಕವಾಗಿ ಬರೆದಿದ್ದರೆ ಮಾರ್ಕ್ಸ್ ಕೊಡಿ. ಎರಡು, ಪ್ರತಿ ತಂಡ ತನ್ನ ಕೆಲಸ ಯಾರಿಗೆ ಬೇಕು ಅನ್ನೋದನ್ನ ಒಂದು ಪುಟ ಕನ್ನಡದಲ್ಲಿ ಬರೆಯಲಿ. ಕೃಷ್ಣಾ ದಂಡೆಯಲ್ಲಿ ಸವಳಾದ ಹೊಲದವರಿಗೋ, ನಿಪ್ಪಾಣಿಯಲ್ಲಿ ಬೀಡಿ ಕಟ್ಟೋ ತಾಯಂದಿರಿಗೋ, ಉಪಕೇಂದ್ರದ ನರ್ಸಬಾಯಿಗೋ?

ಆ ಪುಟ ಬರೆಯಲು ಬರದಿದ್ದರೆ ಪೇಪರ್ ಬರೆಯೋ ಟೈಮ್ ಇನ್ನೂ ಬಂದಿಲ್ಲ ಅಂತ ತಿಳಿಯೋಣ. ಮೊದಲು ಬ್ರೆಡ್‌ಬೋರ್ಡ್ ಮೇಲಿನ ರೀಡಿಂಗ್ ಸರಿ ಮಾಡೋಣ ಬರ್ರಿ.