ಚಿಟಿಕೆ ಜುಂಗು, ತುಕ್ಕು ಹಿಡಿದ ಸ್ವಾವಲಂಬನೆ

ಸ್ವಾವಲಂಬನೆಯ ಹೆಸರಿನಲ್ಲಿ ಹಳ್ಳಿಗಳಿಗೆ ಬಂದ ಹೊಲಿಗೆ ಯಂತ್ರಗಳಲ್ಲಿ ಇಂದು ಎಷ್ಟು ಓಡುತ್ತಿವೆ? ಗುರುವಾಯನಕೆರೆಯ ಪೇಟೆಯಿಂದ ಚಾರ್ಮಾಡಿ ಘಟ್ಟದ ಬುಡದವರೆಗೆ, ಇತ್ತ ವೇಣೂರು, ಮೂಡುಬಿದಿರೆಯ ದಾರಿಯುದ್ದಕ್ಕೂ ಈ ಪ್ರಶ್ನೆಯನ್ನು ಕೇಳುತ್ತ ಹೋಗಬಹುದು. ಯಂತ್ರ ಹಂಚಿದ ದಿನದ ಭಾವಚಿತ್ರ ಸಿಗುತ್ತದೆ, ಫಲಾನುಭವಿಗಳ ಪಟ್ಟಿ ಸಿಗುತ್ತದೆ, ಭಾಷಣ ಮಾಡಿದವರ ಹೆಸರೂ ಸಿಗುತ್ತದೆ. ಐದು ವರ್ಷಗಳ ಅನಂತರ ಅದೇ ಯಂತ್ರದ ಚಕ್ರ ತಿರುಗುತ್ತಿದೆಯೇ ಎಂಬುದನ್ನು ಲೆಕ್ಕವಿಡುವವರು ಯಾರು? ಜಗಲಿಯ ಮೂಲೆಯಲ್ಲಿ, ಹಳೆಯ ಸೀರೆಯೊಂದನ್ನು ಹೊದ್ದು, ಮೇಲೆ ಅಡಿಕೆ ಚೀಲ ಹೊತ್ತು ನಿಂತ ಯಂತ್ರಗಳಿಗೆ ಯಾವ ಕಡತದಲ್ಲೂ ಅಂಕಣವಿಲ್ಲ.

ಇವುಗಳ ಸಾವಿಗೆ ದೊಡ್ಡ ಕಾರಣ ಬೇಕಿಲ್ಲ. ಎರಕದ ಕಬ್ಬಿಣದ ಈ ಯಂತ್ರಗಳು ಎರಡು ತಲೆಮಾರು ದುಡಿಯಬಲ್ಲವು. ಅವುಗಳನ್ನು ನಿಲ್ಲಿಸುವುದು ಬಹುಪಾಲು ಒಂದು ಚಿಟಿಕೆ ಹತ್ತಿಯ ಜುಂಗು. ಹೊಲಿಗೆಯ ತಟ್ಟೆಯ ಕೆಳಗೆ, ಕೆಳನೂಲಿನ ಉರುಳೆಯಾದ ಬಾಬಿನ್ನನ್ನು ಹಿಡಿದಿರುವ ಪುಟ್ಟ ಲೋಹದ ಡಬ್ಬಿಯೇ ಬಾಬಿನ್ ಕೇಸ್. ಅದರ ಸುತ್ತ ಕೊಕ್ಕೆಯೊಂದು ಚಲಿಸುತ್ತ, ಸೂಜಿ ಇಳಿಸಿದ ಮೇಲಿನ ನೂಲನ್ನು ಹಿಡಿದು ಕೆಳನೂಲಿಗೆ ಹೆಣೆಯುತ್ತದೆ. ಬಟ್ಟೆಯಿಂದ ಉದುರುವ ಜುಂಗು ಇಲ್ಲಿಯೇ ಸೇರಿ, ಎಣ್ಣೆಯೊಡನೆ ಬೆರೆತು ಗಟ್ಟಿಯಾಗುತ್ತದೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ನಾಲ್ಕು ಸಾವಿರ ಮಿ.ಮೀ.ಗೆ ಸಮೀಪದ ಮಳೆ. ಆಟಿ ತಿಂಗಳ ಗಾಳಿಯ ತೇವವನ್ನು ಹೀರಿದ ಜುಂಗು ಉಕ್ಕಿಗೆ ಅಂಟಿಕೊಂಡು ಕುಳಿತರೆ ತುಕ್ಕು ಬರುವುದಕ್ಕೆ ತಡವಿಲ್ಲ. ಕೌದಿ ಹೊಲಿಯುವ ಯಂತ್ರಕ್ಕಂತೂ ಈ ಅಪಾಯ ಇಮ್ಮಡಿ. ತೊಳೆದು ತೊಳೆದು ಸವೆದ ಹತ್ತಿಯ ಸೀರೆ, ಪಂಚೆಗಳ ನಾಲ್ಕೈದು ಪದರಗಳ ಮೂಲಕ ಸೂಜಿ ಇಳಿದಷ್ಟೂ ಜುಂಗು ಉದುರುತ್ತದೆ.

ನದಿ ತಿರುವು, ಗಣಿ, ಕಾಡ್ಗಿಚ್ಚುಗಳ ಕುರಿತು ಮಾತನಾಡಬೇಕಾದ ಪರಿಸರ ಚಳವಳಿಗೆ ಬಾಬಿನ್ ಕೇಸಿನ ಚಿಂತೆ ಏಕೆ ಎಂದು ಕೆಲವರು ನಗಬಹುದು. ನಗುವವರು ಕುದುರೆಮುಖವನ್ನು ನೆನೆಯಲಿ. ಕಬ್ಬಿಣಕ್ಕಾಗಿ ಬೆಟ್ಟ ಬಗೆಯುವುದನ್ನು ನಿಲ್ಲಿಸಲು ಘಟ್ಟದ ಎರಡೂ ಬದಿಯ ಜನ ದನಿಯೆತ್ತಿದರು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಆದರೆ ಕಬ್ಬಿಣದ ಹಸಿವು ನಿಂತಿಲ್ಲ. ಅದು ಸಂಡೂರಿನ ಗುಡ್ಡಗಳನ್ನು ತಿನ್ನುತ್ತಿದೆ, ಒಡಿಶಾದ ಕಾಡುಗಳನ್ನು ತಿನ್ನುತ್ತಿದೆ. ತನ್ನ ಬೆಟ್ಟವನ್ನು ಉಳಿಸಿಕೊಂಡ ಊರು, ಸ್ವಲ್ಪ ಜುಂಗು ತೆಗೆದರೆ ಓಡುವ ಯಂತ್ರವನ್ನು ಗುಜರಿಗೆ ಹಾಕಿ ಹೊಸದನ್ನು ತಂದರೆ, ಇನ್ನೊಂದು ಊರಿನ ಬೆಟ್ಟವನ್ನು ಅಗೆಯಲು ಒಪ್ಪಿಗೆ ಕೊಟ್ಟಂತೆ. ಗುಜರಿಯ ಕಬ್ಬಿಣ ಮತ್ತೆ ಕರಗುತ್ತದೆ ಎಂಬ ಸಮಾಧಾನವೂ ಅರ್ಧಸತ್ಯ. ಕರಗಿಸಲು ಬೆಂಕಿ ಬೇಕು, ಸಾಗಿಸಲು ಇಂಧನ ಬೇಕು. ಉಜ್ಜಿ ಉಳಿಸಿದ ಯಂತ್ರಕ್ಕೆ ಎರಡೂ ಬೇಡ.

ಯಂತ್ರ ನಿಂತಾಗ ಅದರೊಡನೆ ಕೌದಿಯೂ ನಿಲ್ಲುತ್ತದೆ. ಬಯಲುಸೀಮೆಯ ಮನೆಗಳಲ್ಲಿ ಹಳೆಯ ಬಟ್ಟೆ ಎಸೆಯುವ ವಸ್ತುವಾಗಿರಲಿಲ್ಲ. ಅಜ್ಜಿಯ ಸೀರೆ ಮೊಮ್ಮಗುವಿನ ಹೊದಿಕೆಯಾಗುತ್ತಿತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರು ಇಂದಿಗೂ ಅಂಚಿನಿಂದ ಒಳಮುಖವಾಗಿ ಸುತ್ತುತ್ತ, ತುಂಡು ಬಟ್ಟೆಗಳನ್ನು ಕೈಯಲ್ಲೇ ಹೊಲಿದು, ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂಗಳನ್ನಿಡುತ್ತಾರೆ. ಅಷ್ಟು ಬಿಡುವು, ಅಷ್ಟು ಕೈಬಲ ಇಲ್ಲದ ಮನೆಗಳಲ್ಲಿ ಪೆಡಲಿನ ಯಂತ್ರವೇ ಕೌದಿಯನ್ನು ಉಳಿಸಬಲ್ಲದು. ಅದು ನಿಂತ ಮನೆಗೆ ಸಂತೆಯಿಂದ ಪಾಲಿಯೆಸ್ಟರ್ ಹೊದಿಕೆ ಬರುತ್ತದೆ. ಅದು ಪೆಟ್ರೋಲಿಯಂನಿಂದ ಹುಟ್ಟಿದ್ದು. ತೊಳೆದಾಗಲೆಲ್ಲ ಪ್ಲಾಸ್ಟಿಕ್ಕಿನ ಸೂಕ್ಷ್ಮ ಎಳೆಗಳನ್ನು ತೋಡಿಗೆ ಬಿಡುತ್ತದೆ. ತೋಡು ನೇತ್ರಾವತಿಗೆ ಕೊಡುತ್ತದೆ. ಹಳೆಯ ಸೀರೆ ಮಾತ್ರ ತೋಟದ ಬದಿಯಲ್ಲಿ ಸುಟ್ಟು ಹೊಗೆಯಾಗುತ್ತದೆ.

ಯಂತ್ರ ನಾಗರಿಕತೆಯನ್ನು ಕಟುವಾಗಿ ಖಂಡಿಸಿದ ಗಾಂಧೀಜಿ 1924ರಲ್ಲಿ ರಾಮಚಂದ್ರನ್ ಎಂಬ ವಿದ್ಯಾರ್ಥಿಯೊಡನೆ ಮಾತನಾಡುತ್ತ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ನೀಡಿದ್ದರು. ಮನುಷ್ಯನ ಕೈಕಾಲುಗಳನ್ನು ನಿಷ್ಪ್ರಯೋಜಕಗೊಳಿಸದೆ ಶ್ರಮವನ್ನು ಹಗುರಗೊಳಿಸುವ ಕೆಲವೇ ಉಪಕರಣಗಳಲ್ಲಿ ಅದೂ ಒಂದೆಂಬುದು ಅವರ ಅಭಿಪ್ರಾಯ. ಆ ವಿನಾಯಿತಿಗೆ ಇಂದು ಒಂದು ಷರತ್ತನ್ನು ಸೇರಿಸಬೇಕಾಗಿದೆ: ಬಳಸುವವರು ಅದನ್ನು ಬಿಚ್ಚಿ ಜೋಡಿಸಬಲ್ಲವರಾಗಿರಬೇಕು. ಒಡೆಯನಿಗೇ ತೆರೆಯಲು ಬಾರದ ಯಂತ್ರ ಮತ್ತೊಬ್ಬರ ಅಂಕೆಯಲ್ಲಿರುತ್ತದೆ.

ಬಿಚ್ಚುವುದು ಅಷ್ಟು ಕಷ್ಟವೇ? ಮೊದಲು ಕೈಚಕ್ರ ತಿರುಗಿಸಿ ಸೂಜಿಯನ್ನು ಮೇಲಕ್ಕೆ ತರಬೇಕು; ಮೋಟಾರಿದ್ದರೆ ವಿದ್ಯುತ್ ತಪ್ಪಿಸಬೇಕು. ತಟ್ಟೆ ಸರಿಸಿ, ಬಾಬಿನ್ ಕೇಸಿನ ನಾಲಗೆಯಂತಹ ಚಿಲಕವನ್ನು ಎತ್ತಿ ಹಿಡಿದು ಹೊರಕ್ಕೆಳೆದರೆ ಅದು ಕೈಗೆ ಬರುತ್ತದೆ. ಒಳಗಿನ ಬಾಬಿನ್ನನ್ನು ತೆಗೆದಿಟ್ಟು, ಕೊಕ್ಕೆಯನ್ನು ಹಿಡಿದಿರುವ ಉಂಗುರವನ್ನು ಮಾದರಿಗೆ ತಕ್ಕಂತೆ ಚಿಲಕವನ್ನೋ ಸ್ಕ್ರೂವನ್ನೋ ಸಡಿಲಿಸಿ ತೆಗೆಯಬೇಕು. ಕಳಚಿದ ಕ್ರಮದಲ್ಲಿಯೇ ಬಟ್ಟೆಯ ಮೇಲೆ ಸಾಲಾಗಿ ಇಟ್ಟರೆ ಮರುಜೋಡಣೆಯಲ್ಲಿ ಗೊಂದಲವಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಜುಂಗನ್ನು ಹೊರಕ್ಕೆ ಗುಡಿಸಬೇಕು. ಬಾಯಿಂದ ಊದುವುದು ತಪ್ಪು: ಉಸಿರಿನ ತೇವ ಉಕ್ಕಿಗೆ ತಗಲುತ್ತದೆ, ಜುಂಗು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಕೇಸಿನ ಮೈಮೇಲಿರುವ ತೆಳು ಸ್ಪ್ರಿಂಗಿನ ಅಡಿಯಲ್ಲಿ ದಪ್ಪ ಕಾಗದದ ಅಂಚನ್ನು ತೂರಿಸಿ ಎಳೆದರೆ ಅಲ್ಲಿ ಅಡಗಿದ ಎಳೆಗಳೂ ಹೊರಬರುತ್ತವೆ. ಅಲ್ಲಿ ಜುಂಗು ಸಿಕ್ಕಿಕೊಂಡರೆ ಸ್ಪ್ರಿಂಗ್ ನೂಲನ್ನು ಒತ್ತಿ ಹಿಡಿಯಲಾರದು; ಕೆಳನೂಲು ಸಡಿಲಗೊಂಡು ಬಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ.

ಅನಂತರ ಕೊಕ್ಕೆ ಓಡುವ ದಾರಿಗೆ ಒಂದೇ ಹನಿ ಮೆಷಿನ್ ಎಣ್ಣೆ. ಕರಾವಳಿಯ ಮನೆಗಳಲ್ಲಿ ಕೈಗೆಟಕುವ ತೆಂಗಿನೆಣ್ಣೆಯನ್ನು ಬಿಡುವ ರೂಢಿಯುಂಟು. ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ, ದಿನ ಕಳೆದಂತೆ ಅಂಟಾಗುವ ಆ ಎಣ್ಣೆ ತಲೆಗೆ ಹಿತ, ಯಂತ್ರಕ್ಕೆ ವಿಷ. ಜೋಡಿಸಿದ ಬಳಿಕ ನೂಲಿನ ತುದಿ ಹಿಡಿದು ಬಾಬಿನ್ ತುಂಬಿದ ಕೇಸನ್ನು ತೂಗಬಿಡಬೇಕು. ಅದು ತಾನಾಗಿ ಜಾರದೆ ನಿಂತು, ಕೈಯನ್ನು ಮೆಲ್ಲನೆ ಕುಲುಕಿದಾಗ ಒಂದಂಗುಲ ಇಳಿದು ನಿಂತರೆ ಬಿಗಿ ಸರಿಯಿದೆ. ಸರಸರನೆ ಜಾರಿದರೆ ಪುಟ್ಟ ಸ್ಕ್ರೂವನ್ನು ಬಲಕ್ಕೆ, ಅಲುಗದಿದ್ದರೆ ಎಡಕ್ಕೆ, ಕಾಲು ಸುತ್ತಿಗೂ ಕಡಿಮೆ ತಿರುಗಿಸಬೇಕು. ಚಿಂದಿಯ ಮೇಲೆ ಹತ್ತು ಸಾಲು ಹೊಲಿದು ಹೆಚ್ಚುವರಿ ಎಣ್ಣೆಯನ್ನು ಕಳೆದರೆ ಕೆಲಸ ಮುಗಿಯಿತು. ಅರ್ಧ ಗಂಟೆ ಸಾಕು. ದಿನವಿಡೀ ಕೌದಿ ಹೊಲಿಯುವವರು ಕೇಸನ್ನು ದಿನಕ್ಕೊಮ್ಮೆ ಗುಡಿಸುವುದು ಲೇಸು.

ಇಷ್ಟು ಸರಳವಾದುದು ಏಕೆ ನಡೆಯುವುದಿಲ್ಲ? ಉತ್ತರ ಕಹಿಯಾದುದು. ಹೆಣ್ಣಿಗೆ ಯಂತ್ರವನ್ನು ಕೊಟ್ಟ ಸಮಾಜ ಸ್ಕ್ರೂ ಡ್ರೈವರನ್ನು ಗಂಡಿನ ಕೈಯಲ್ಲೇ ಉಳಿಸಿಕೊಂಡಿದೆ. ರವಿಕೆಯ ಅಳತೆ, ಕತ್ತರಿಸುವ ವಿಧಾನಗಳನ್ನು ಕಲಿಸುವ ತರಬೇತಿಯಲ್ಲಿ ಯಂತ್ರದ ಹೊಟ್ಟೆಯೊಳಗೆ ಕೈಯಿಡುವ ಧೈರ್ಯವನ್ನು ಕಲಿಸದಿದ್ದರೆ, ಕಲಿತವಳು ಜೀವನಪರ್ಯಂತ ಇನ್ನೊಬ್ಬರ ದಾರಿ ಕಾಯುತ್ತಾಳೆ. ಮಳೆಗಾಲದಲ್ಲಿ ಬಸ್ಸಿಲ್ಲದ ಊರಿನಿಂದ ಭಾರದ ಯಂತ್ರವನ್ನು ಪೇಟೆಗೆ ಹೊತ್ತೊಯ್ಯುವವರು ಯಾರು? ಹೀಗೆ ಯಂತ್ರ ಮೂಲೆ ಸೇರುತ್ತದೆ. ಆಯುಧಪೂಜೆಯಂದು ಅದಕ್ಕೆ ಕುಂಕುಮ, ಸೇವಂತಿಗೆ. ತಟ್ಟೆಯ ಕೆಳಗೆ ಮಾತ್ರ ಕಳೆದ ವರ್ಷದ ಕೊಳೆ.

ಸರ್ಕಾರಗಳ ನಡೆ ಇದಕ್ಕಿಂತ ಭಿನ್ನವಾಗಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿಗಳ ನೆರವುಂಟು. ಕೊಳ್ಳಲು ಹಣವಿದೆ, ಹತ್ತು ವರ್ಷ ಬಾಳಿಸಿದವರಿಗೆ ಮನ್ನಣೆ ಎಲ್ಲಿದೆ? ‘ದುರಸ್ತಿಯ ಹಕ್ಕಿ’ಗಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಸಮಿತಿಯನ್ನು ರಚಿಸಿತು. ಬಿಡಿಭಾಗ ಮತ್ತು ಕೈಪಿಡಿಗಳನ್ನು ಬಳಕೆದಾರರಿಂದ ಬಚ್ಚಿಡಬಾರದೆಂಬ ಈ ಚಿಂತನೆ ಸ್ವಾಗತಾರ್ಹ. ಆದರೆ ಕೈಪಿಡಿ ಕನ್ನಡದಲ್ಲಿಲ್ಲದಿದ್ದರೆ, ತೆರೆಯುವ ಕೈಗೆ ಅಂಜಿಕೆಯಿದ್ದರೆ, ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಲಿ. ಹಂಚುವ ಪ್ರತಿ ಯಂತ್ರದೊಡನೆ ಸ್ಕ್ರೂ ಡ್ರೈವರ್, ಬ್ರಷ್, ಎಣ್ಣೆ ಮತ್ತು ಕನ್ನಡದ ಕೈಪಿಡಿ ಇರಬೇಕು. ಯಂತ್ರವನ್ನು ತಾನೇ ಬಿಚ್ಚಿ ಜೋಡಿಸಿದವರಿಗಷ್ಟೇ ತರಬೇತಿಯ ಪ್ರಮಾಣಪತ್ರ ಸಿಗಬೇಕು. ಹಂಚಿದ ಯಂತ್ರಗಳ ಸ್ಥಿತಿ ವರ್ಷಕ್ಕೊಮ್ಮೆ ಗ್ರಾಮಸಭೆಯ ಮುಂದೆ ಬರಬೇಕು. ಸ್ವಸಹಾಯ ಗುಂಪುಗಳು ಸಾಲದ ಕಂತಿನ ಲೆಕ್ಕದೊಡನೆ ನಿಂತ ಯಂತ್ರಗಳ ಲೆಕ್ಕವನ್ನೂ ಇಡಬೇಕು. ಎನ್‌ಎಸ್‌ಎಸ್ ಶಿಬಿರಕ್ಕೆ ಹಳ್ಳಿಗೆ ಬರುವ ವಿದ್ಯಾರ್ಥಿಗಳು ರಸ್ತೆ ಬದಿ ಗುಡಿಸಿ ಹಿಂದಿರುಗುವ ಬದಲು, ಒಂದು ಸಂಜೆಯನ್ನು ಊರಿನ ಹಳೆಯ ಟೈಲರರ ಬಳಿ ಕುಳಿತು ಈ ವಿದ್ಯೆ ಕಲಿಯಲು ಮೀಸಲಿಡಲಿ; ಮರುದಿನ ನಾಲ್ಕು ಮನೆಗಳ ಯಂತ್ರವನ್ನು ಮನೆಯಾಕೆಯ ಕೈಯಿಂದಲೇ ಬಿಚ್ಚಿಸಲಿ. ಮುಂದಿನ ಆಯುಧಪೂಜೆಗೆ ಮುನ್ನ ತಟ್ಟೆಯ ಕೆಳಗಿನ ಜುಂಗು ಹೊರಬರಲಿ, ಕುಂಕುಮ ಆಮೇಲೆ.