ಜಾವಾ ಕೈ ಬದಲಿಸುವಾಗ

ಮನೆಯಲ್ಲಿ ಹಳೆಯದಾದ ಪದಾರ್ಥಗಳಿಗೆಲ್ಲ ಒಂದೇ ಗತಿಯೆಂದು ಹೇಳುವಂತಿಲ್ಲ. ಹಿತ್ತಾಳೆಯ ಹಂಡೆ ತೂಕಕ್ಕೆ ಹೋಗುತ್ತದೆ. ತೇಗದ ಮಂಚ ನೆಂಟರ ಮನೆ ಸೇರುತ್ತದೆ. ರೇಡಿಯೋ ಅಟ್ಟಕ್ಕೇರಿ ಮರೆತುಹೋಗುತ್ತದೆ. ಮೋಟಾರು ಸೈಕಲ್ಲಿನ ಗತಿ ಮಾತ್ರ ವರ್ಷಗಟ್ಟಲೆ ತೀರ್ಮಾನವಾಗುವುದಿಲ್ಲ. ಅದನ್ನು ಓಡಿಸುತ್ತಿದ್ದ ಯಜಮಾನರಿಗೆ ಈಗ ಮಂಡಿನೋವು. ಓಡಿಸಬಲ್ಲ ಮಗ ಬೆಂಗಳೂರಿನಲ್ಲಿದ್ದಾನೆ. ಮನೆಯಾಕೆಯ ಕಣ್ಣಿಗೆ ಅದು ಪಡಸಾಲೆಯ ಅರ್ಧ ಜಾಗವನ್ನು ನುಂಗಿ, ನೆಲದ ಮೇಲೆ ಎಣ್ಣೆಯ ಕಲೆ ಬಿಡುವ ಪ್ರಾರಬ್ಧ. ಆದರೂ ಭಾನುವಾರ ಬೆಳಗ್ಗೆ ಹಳೆಯ ಬನಿಯನ್ನಿನ ತುಂಡು ಹಿಡಿದು ಅದರ ಟ್ಯಾಂಕನ್ನು ಒರೆಸುವ ಕೈ ನಿಂತಿರುವುದಿಲ್ಲ.

ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿರುವ ಬಿಳಿಚೋಡಿನಂಥ ಊರಿನಲ್ಲಿ ಇಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಮಳೆಯನ್ನೇ ನೆಚ್ಚಿದ ಸೀಮೆ ಅದು. ಶೇಂಗಾ, ಜೋಳ, ಮೆಕ್ಕೆಜೋಳದ ನೆಲ. ಹಿಂದೆ ಬಸ್ಸುಗಳು ವಿರಳವಾಗಿದ್ದ ದಿನಗಳಲ್ಲಿ ಅಲ್ಲಿಯ ಒಬ್ಬ ಮೇಷ್ಟ್ರಿಗೋ, ದಾವಣಗೆರೆಯ ಮಂಡಿಗೆ ಓಡಾಡುತ್ತಿದ್ದ ಒಬ್ಬ ಜಮೀನುದಾರರಿಗೋ ಮೋಟಾರು ಸೈಕಲ್ಲೆಂದರೆ ಶೋಕಿಯಾಗಿರಲಿಲ್ಲ, ಕಾಲಾಗಿತ್ತು. ಈಗ ಆ ಮನೆಯಲ್ಲಿ ಕೊಳವೆ ಬಾವಿ ಬತ್ತಿದೆ, ಅಥವಾ ಮೊಮ್ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾಗಿದೆ. ಗಾಡಿಯನ್ನು ಮಾರುವ ಮಾತು ಬರುವುದು ಇಂಥ ಹೊತ್ತಿನಲ್ಲೇ. ಮೊದಲು ಬಾಗಿಲಿಗೆ ಬರುವವನು ಗುಜರಿಯವನು. ಅವನು ಗಾಡಿಯನ್ನು ನೋಡುವುದಿಲ್ಲ, ಕಬ್ಬಿಣವನ್ನು ನೋಡುತ್ತಾನೆ. ಎರಡನೆಯವನು ದಲ್ಲಾಳಿ, ಅವನು ಗಾಡಿಯನ್ನು ಬಲ್ಲವನು, ಆದರೆ ಬಲ್ಲೆನೆಂದು ತೋರಿಸಿಕೊಳ್ಳುವುದಿಲ್ಲ. ಮೂರನೆಯವರು ಅದೇ ಗಾಡಿಯ ಹುಚ್ಚು ಹಿಡಿದ ಸವಾರರು. ಈ ಮೂರನೆಯವರಿಗೆ ಮಾರುವ ವ್ಯವಹಾರವೇ ಬೇರೆ ಬಗೆಯದು.

ಈ ಹುಚ್ಚಿಗೆ ಕನ್ನಡನಾಡಿನಲ್ಲಿ ವಿಶೇಷ ಕಾರಣವುಂಟು. ಜಾವಾ ಹುಟ್ಟಿದ್ದು ಚೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲಿನ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ಅದರ ಹೆಸರಿನ ಮೊದಲೆರಡು ಅಕ್ಷರಗಳನ್ನು ಸೇರಿಸಿದ. ಹುಟ್ಟಿದ್ದು ಅಲ್ಲಿಯಾದರೂ ಭಾರತದಲ್ಲಿ ಬೆಳೆದದ್ದು ಮೈಸೂರಿನಲ್ಲಿ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಎಂಬ ಪಾರಸಿಗಳ ಸಾಹಸದಿಂದ ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ 1961ರಲ್ಲಿ ಆರಂಭವಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಅದನ್ನು ಉದ್ಘಾಟಿಸಿದರು. 1973ರ ಸುಮಾರಿಗೆ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂದಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಆ ಬಳಿಕ ಉಳಿದದ್ದು ಗಾಡಿಗಳು, ಅವುಗಳನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು, ಮತ್ತು ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ‘ಜಾವಾ ದಿನ’ವೆಂದು ಬೆಂಗಳೂರು, ಮೈಸೂರುಗಳ ಬೀದಿಗಳಲ್ಲಿ ಸಾಲುಗಟ್ಟಿ ಹೊರಡುವ ಸವಾರರು. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರಿನಲ್ಲಿ ಹೊಸ ಗಾಡಿಗಳನ್ನು ಹೊರತಂದಿತು. ಹೊಸದು ಬಂದಮೇಲೆ ಹಳೆಯದರ ಮೇಲಿನ ಆಸೆ ತಗ್ಗಬೇಕಾದದ್ದು ನ್ಯಾಯ. ಆದರೆ ಆಸೆ ನ್ಯಾಯವನ್ನು ಕೇಳಿ ನಡೆಯುವುದಲ್ಲ.

ಇಂಥ ಸವಾರರಿಗೆ ಮಾರಹೊರಟ ಯಜಮಾನರು ಮೊದಲು ಮಾಡುವ ತಪ್ಪೆಂದರೆ ಗಾಡಿಗೆ ಹೊಸ ಬಣ್ಣ ಹೊಡೆಸುವುದು. ವಧುವನ್ನು ತೋರಿಸುವ ಶಾಸ್ತ್ರವನ್ನು ಇಲ್ಲಿಗೂ ತರುತ್ತಾರೆ. ಬಲ್ಲ ಸವಾರನಿಗೆ ಮಿರಮಿರನೆ ಹೊಳೆಯುವ ಹೊಸ ಬಣ್ಣ ಕಂಡರೆ ಸಂತೋಷಕ್ಕಿಂತ ಮೊದಲು ಸಂಶಯ ಹುಟ್ಟುತ್ತದೆ: ಅದರ ಕೆಳಗೆ ತುಕ್ಕಿದೆಯೋ, ಬೆಸುಗೆಯಿದೆಯೋ? ಅಲ್ಲಲ್ಲಿ ಮಾಸಿದ ಮೂಲ ಕೆಂಪು ಬಣ್ಣ, ಟ್ಯಾಂಕಿನ ಪಕ್ಕದ ಕ್ರೋಮಿನಲ್ಲಿ ಒಂದೆರಡು ಗೀರು, ಮೊಣಕಾಲು ಒತ್ತುವ ರಬ್ಬರಿನ ಸವೆತ, ಇವು ಅವನ ಕಣ್ಣಿಗೆ ದೋಷಗಳಲ್ಲ, ಸಾಕ್ಷಿಗಳು. ಚೆನ್ನಾಗಿ ಇಟ್ಟುಕೊಂಡ ಗಾಡಿಗೂ ಚೆನ್ನಾಗಿ ತೊಳೆದ ಗಾಡಿಗೂ ಇರುವ ವ್ಯತ್ಯಾಸ ಅವನಿಗೆ ಹತ್ತು ಮಾರು ದೂರದಿಂದಲೇ ತಿಳಿಯುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಹೆಸರಿನದು. ಮೊದಮೊದಲ ಯೆಜ್ಡಿಗೂ ಅದಕ್ಕೆ ಹಿಂದಿನ ಜಾವಾಕ್ಕೂ ರೂಪದಲ್ಲಿ ಬಹಳ ಅಂತರವಿಲ್ಲ. ಒಂದರ ಭಾಗ ಇನ್ನೊಂದಕ್ಕೆ ಕೂಡುತ್ತದೆ. ಜಾವಾಕ್ಕೆ ಬೆಲೆ ಹೆಚ್ಚು. ಆದ್ದರಿಂದ ಯೆಜ್ಡಿಯ ಟ್ಯಾಂಕಿನ ಮೇಲೆ ಜಾವಾದ ಬಿಲ್ಲೆ ಕೂರಿಸಿ ಮಾರುವ ಜಾಣರು ಉಂಟು. ಬಿಲ್ಲೆ ಸುಳ್ಳು ಹೇಳಬಹುದು, ಆರ್.ಸಿ. ಪುಸ್ತಕ ಹೇಳುವುದಿಲ್ಲ. ತಯಾರಾದ ವರ್ಷ, ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಮೂರೂ ಪುಸ್ತಕದಲ್ಲಿರುವಂತೆಯೇ ಲೋಹದ ಮೇಲೂ ಇರುವುದಾದರೆ ಆ ಗಾಡಿಗೆ ಬೇರೆ ವಕೀಲನೇ ಬೇಡ. ಎಲ್ಲೋ ನಡುವೆ ಎಂಜಿನ್ ಬದಲಾಗಿದ್ದರೆ ಅದನ್ನು ಮೊದಲ ಮಾತಿನಲ್ಲೇ ಹೇಳಿಬಿಡುವುದು ಲೇಸು. ಕೊಳ್ಳುವವನು ತಾನೇ ಕಂಡುಹಿಡಿದರೆ ಬೆಲೆ ಇಳಿಯುವುದಷ್ಟೇ ಅಲ್ಲ, ಆಮೇಲೆ ಯಜಮಾನರು ಹೇಳುವ ನಿಜವೂ ನಂಬಿಕೆಗೆ ಸಲ್ಲದೆ ಹೋಗುತ್ತದೆ. ಸವಾರರ ಬಳಗ ದೊಡ್ಡದಾದರೂ ಅವರ ನಡುವೆ ಮಾತು ಹರಿಯುವ ಕಾಲುವೆ ಸಣ್ಣದು. ಬಿಳಿಚೋಡಿನಲ್ಲಿ ಬೆಳಗ್ಗೆ ಆಡಿದ ಸುಳ್ಳು ಸಂಜೆಗೆ ಮೈಸೂರಿನ ಗ್ಯಾರೇಜಿನಲ್ಲಿರುತ್ತದೆ.

ಹೇಳಬೇಕಾದ ದೋಷಗಳು ಯಾವುವು? ಈ ಎಂಜಿನ್ನು 250 ಸಿಸಿಯ, ಎರಡು ಹೊಡೆತದ್ದು; ಸಿಲಿಂಡರು ಒಂದೇ, ಸೈಲೆನ್ಸರು ಮಾತ್ರ ಎರಡು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುವುದರಿಂದ ಸ್ವಲ್ಪ ಹೊಗೆ ಇದ್ದೇ ಇರುತ್ತದೆ, ಅದಕ್ಕೆ ಯಾರೂ ಹೆದರುವುದಿಲ್ಲ. ಆದರೆ ಎಂಜಿನ್ನು ಕಾದಮೇಲೂ ಮೋಡದಂತೆ ಹೊಗೆ ಬರುತ್ತಿದ್ದು, ಗೇರು ಪೆಟ್ಟಿಗೆಯ ಎಣ್ಣೆ ತಾನಾಗಿ ಕಡಿಮೆಯಾಗುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲು ಸೋತಿದೆಯೆಂದು ಅರ್ಥ. ತಳದಿಂದ ಗೊರಗೊರ ಸದ್ದು ಬರುತ್ತಿದ್ದರೆ ಬೇರಿಂಗು ಸವೆದಿದೆ. ವರ್ಷಗಳ ಕಾಲ ನಿಂತ ಗಾಡಿಯ ಟ್ಯಾಂಕಿನೊಳಗೆ ತುಕ್ಕು, ಸೈಲೆನ್ಸರಿನೊಳಗೆ ಮಸಿ ಸಾಮಾನ್ಯ. ಇತ್ತೀಚಿನ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆಯಿರುವುದರಿಂದ ಹಳೆಯ ರಬ್ಬರು ಕೊಳವೆಗಳು ಬೇಗ ಮೆತ್ತಗಾಗುತ್ತವೆ. ಅವನ್ನು ಬದಲಾಯಿಸಿದ್ದರೆ ಯಾವಾಗ ಎಂಬುದನ್ನು ಹೇಳುವುದು ಉಪಕಾರ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡುವ ಯಜಮಾನರ ಬಳಿ ಚೌಕಾಸಿ ಮಾಡುವುದಕ್ಕೆ ಕೊಳ್ಳುವವನಿಗೇ ನಾಚಿಕೆಯಾಗುತ್ತದೆ.

ನಾಚಿಕೆಯಿಲ್ಲದವರೂ ಇದ್ದಾರೆ. ‘ಸ್ವಾಮಿ, ನಾವು ವ್ಯಾಪಾರಸ್ಥರಲ್ಲ, ಅಭಿಮಾನಿಗಳು. ಗುಜರಿಗೆ ಹಾಕುವ ಬದಲು ನಮ್ಮ ಕೈಯಲ್ಲಿ ಉಳಿಯಲಿ ಎಂದು ಕೊಡಿ’ ಎಂದು ಬೇಡುವವರು ಇವರು. ಅಭಿಮಾನವುಳ್ಳವನಿಗೆ ಅಗ್ಗವಾಗಿ ಕೊಡಬೇಕೆಂಬ ಧರ್ಮವನ್ನು ಹಬ್ಬಿಸಿದವರು ಕೊಳ್ಳುವವರೇ ಹೊರತು ಮಾರುವವರಲ್ಲ. ಐವತ್ತು ವರ್ಷ ಒಂದು ಯಂತ್ರವನ್ನು ಬಿಸಿಲು ಮಳೆ ತಾಗದಂತೆ ಕಾದುಕೊಂಡ ಮನೆಗೆ, ಕಾದುಕೊಂಡದ್ದರ ಬೆಲೆಯನ್ನು ಕೇಳುವ ಹಕ್ಕುಂಟು. ಆ ಹಣ ಬಾವಿಗೋ ಶುಲ್ಕಕ್ಕೋ ಬೇಕಾದಾಗಲಂತೂ ಸಂಕೋಚಕ್ಕೆ ಎಡೆಯೇ ಇಲ್ಲ. ಬೆಲೆಯನ್ನು ಅರಿಯಬೇಕಾದರೆ ಒಬ್ಬನ ಮಾತನ್ನು ಕೇಳದೆ, ದಾವಣಗೆರೆಯಲ್ಲಿ ಒಬ್ಬರನ್ನು, ಮೈಸೂರಿನಲ್ಲಿ ಒಬ್ಬರನ್ನು, ಬೆಂಗಳೂರಿನಲ್ಲಿ ಒಬ್ಬರನ್ನು ವಿಚಾರಿಸಿದರೆ ಸಾಕು. ಅಷ್ಟಾದಮೇಲೆ, ನಾಲ್ಕು ಸಾವಿರ ಹೆಚ್ಚು ಕೊಟ್ಟು ಗಾಡಿಯನ್ನು ಬಿಚ್ಚಿ ಬಿಡಿ ಭಾಗಗಳಾಗಿ ಮಾರುವವನಿಗೂ, ಅಷ್ಟು ಕಡಿಮೆ ಕೊಟ್ಟು ಇಡಿಯಾಗಿ ಓಡಿಸುವವನಿಗೂ ನಡುವೆ ಆರಿಸುವ ಹೊತ್ತು ಬಂದರೆ, ಅದು ಯಜಮಾನರ ಮನಸ್ಸಿಗೆ ಬಿಟ್ಟದ್ದು.

ಕಾಗದಪತ್ರದ ಕಡೆ ಮಾತ್ರ ಮನಸ್ಸಿನ ಮಾತು ನಡೆಯುವುದಿಲ್ಲ. ಜಗಳೂರು ತಾಲ್ಲೂಕು 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದು, ಆ ವರ್ಷ ಹೊಸ ದಾವಣಗೆರೆ ಜಿಲ್ಲೆಗೆ ಬಂದಿತು. ಹಳೆಯ ಗಾಡಿಯ ಮೂಲ ದಾಖಲೆಯನ್ನು ಹುಡುಕುವಾಗ ಇದನ್ನು ನೆನಪಿಡಬೇಕು. ಪುಸ್ತಕ ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಂಡೇ ಮಾರಬೇಕು. ಅಣ್ಣತಮ್ಮಂದಿರ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಜಾಣತನ, ಏಕೆಂದರೆ ಇಪ್ಪತ್ತು ವರ್ಷ ಗಾಡಿಯನ್ನು ತಿರುಗಿಯೂ ನೋಡದ ತಮ್ಮನಿಗೆ ಗಿರಾಕಿ ಬಂದ ದಿನವೇ ಅಪ್ಪನ ನೆನಪು ಉಕ್ಕುವುದುಂಟು. ಮೊದಲ 15 ವರ್ಷಗಳ ಬಳಿಕ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕೆಂಬುದು ಬಲ್ಲವರಿಗೆ ತಿಳಿದದ್ದೇ. ಕೇಂದ್ರ ಸರ್ಕಾರ 2021ರಲ್ಲಿ ಇನ್ನೊಂದು ನಿಯಮ ಮಾಡಿತು: ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪ ಕೆಡದೆ ಉಳಿದ ಗಾಡಿಯನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ, ಸಂಖ್ಯೆಯಲ್ಲಿ ‘ವಿಎ’ ಎಂಬ ಗುರುತು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಬೆಂಗಳೂರಿನ ತರುಣ ಅದನ್ನು ಆಫೀಸಿಗೆ ಓಡಿಸುವ ಕನಸು ಕಾಣುತ್ತಿದ್ದರೆ ಯಾವ ಬಗೆಯ ನೋಂದಣಿಯಿದೆಯೆಂಬುದನ್ನು ಮೊದಲೇ ತಿಳಿಸಬೇಕು.

ಹಣ ಕೈಸೇರಿದೊಡನೆ ವ್ಯವಹಾರ ಮುಗಿಯಿತೆಂದುಕೊಳ್ಳುವುದು ಎಲ್ಲಕ್ಕಿಂತ ಅಪಾಯ. ಪುಸ್ತಕದಲ್ಲಿ ಹೆಸರು ಬದಲಾಗದಿದ್ದರೆ, ಮಾರಿದ ಬಳಿಕ ನಡೆದ ಅಪಘಾತಕ್ಕೂ ಪುಸ್ತಕದಲ್ಲಿರುವ ಒಡೆಯನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ಖಾಲಿ ನಮೂನೆಗಳಿಗೆ ರುಜು ಹಾಕಿ ‘ನೀವೇ ಮಾಡಿಸಿಕೊಳ್ಳಿ’ ಎಂದು ಕಳುಹಿಸುವ ಸೌಜನ್ಯ ಮುಂದೆ ಕೋರ್ಟಿನ ಮೆಟ್ಟಿಲು ಹತ್ತಿಸಬಲ್ಲದು. ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸುವುದು ಮಾರಿದವನ ಕರ್ತವ್ಯ. ಹೊರರಾಜ್ಯಕ್ಕೆ ಹೋಗುವುದಾದರೆ ನಿರಾಕ್ಷೇಪಣ ಪತ್ರವೂ ಬೇಕು.

ಇನ್ನು ಪುಸ್ತಕದಲ್ಲಿಲ್ಲದ ಕೆಲವು ಸಂಗತಿಗಳು ಉಳಿಯುತ್ತವೆ. ಎಡಗಡೆಯ ಒಂದೇ ಲಿವರು ಗೇರಿಗೂ ಉಂಟು, ಕಿಕ್ಕಿಗೂ ಉಂಟು; ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರು. ಹೊಸಬರು ಇದನ್ನು ಎಲ್ಲಿಯಾದರೂ ಕಲಿತಿರುತ್ತಾರೆ. ಆದರೆ ಚಳಿಗಾಲದ ಬೆಳಗ್ಗೆ ಕಾರ್ಬುರೇಟರಿನ ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿಯಬೇಕು, ಕೀಲಿ ಹಾಕುವ ಮೊದಲು ಎಷ್ಟು ಸಲ ಬರಿದೆ ಒದೆಯಬೇಕು, ಎರಡನೆಯ ಗೇರಿನಲ್ಲಿ ಈ ಗಾಡಿ ಮಾತ್ರ ಏಕೆ ಸ್ವಲ್ಪ ಮುನಿಯುತ್ತದೆ ಎಂಬುದು ಅದರ ಒಡೆಯನೊಬ್ಬನಿಗೇ ಗೊತ್ತು. ಆದ್ದರಿಂದ ಕೊಳ್ಳುವವನು ಲಾರಿ ತಂದಿದ್ದರೂ ಅವಸರಪಡಿಸದೆ, ಅರ್ಧ ದಿನ ಕೂರಿಸಿಕೊಂಡು, ಊಟ ಹಾಕಿ, ಜಗಳೂರಿನ ಕಡೆಗೊಂದು ಸುತ್ತು ಅವನ ಕೈಯಿಂದಲೇ ಓಡಿಸಿ ನೋಡುವುದು ವಾಡಿಕೆಯಾಗಬೇಕು. ಓಡಿಸಿಕೊಂಡೇ ಊರಿಗೆ ಹೋಗುತ್ತೇನೆಂದು ಅವನು ಹಟ ಹಿಡಿದರೆ ಮಧ್ಯಾಹ್ನದೊಳಗೆ ಹೊರಡಿಸಬೇಕು. ಈ ಗಾಡಿಗಳದ್ದು ಆರು ವೋಲ್ಟಿನ ದೀಪ. ಕತ್ತಲಾದಮೇಲೆ ಎದುರಿಗೆ ಬರುವ ಲಾರಿಯವನಿಗೆ ಗಾಡಿ ಇದೆಯೆಂದು ತಿಳಿಸುವಷ್ಟು ಬೆಳಕೇ ಹೊರತು, ರಸ್ತೆಯ ಗುಂಡಿಯನ್ನು ತೋರಿಸುವಷ್ಟಲ್ಲ.